ರೊಟ್ಟಿಗೆ ನಿಮ್ಮ ಮನೆಯಲ್ಲಿ ಏನಂತಾರೆ? ಶಾಲೆಯಲ್ಲಿ ‘ನಮ್ಮೂರ ದಿನ’ ಹೀಗೆ ಮಾಡಿ

ಮೊದಲ ವರ್ಷ ‘ನಮ್ಮೂರ ದಿನ’ಕ್ಕೆ ನಾನೂ ವೇಷಭೂಷಣ ಸ್ಪರ್ಧೆಯನ್ನೇ ಇಟ್ಟಿದ್ದೆ. ಪಂಜಾಬಿ, ಕಾಶ್ಮೀರಿ, ಲಂಬಾಣಿ, ಎಲ್ಲಾ ಬಾಡಿಗೆ ಬಟ್ಟೆ. ಬಾಡಿಗೆ ಕೊಡಲಾಗದ ಮಕ್ಕಳು ಹಿಂದೆ ಕೂತು ಚಪ್ಪಾಳೆ ತಟ್ಟಿದರು. ಅವರಲ್ಲಿ ತಾಂಡಾದ ಹುಡುಗಿಯೊಬ್ಬಳಿದ್ದಳು. ಅವಳ ಅಜ್ಜಿ ಗೇಟಿನ ಹತ್ತಿರ ನಿಂತಿದ್ದರು, ಕನ್ನಡಿ ಹೊಲಿದ ನಿಜವಾದ ಲಂಬಾಣಿ ಲಂಗ–ರವಿಕೆ, ಅಂದರೆ ಫೇಟಿಯಾ–ಕಾಂಚಳಿಯಲ್ಲಿ. ಒಳಗೆ ಬರ್ರಿ ಅಂತ ಕರೆಯೋದು ನನಗೆ ಹೊಳೆಯಲೇ ಇಲ್ಲ.

ಬೀದರಿನಂಥ ಊರಲ್ಲಿ ವೈವಿಧ್ಯವನ್ನು ಬಾಡಿಗೆಗೆ ತರಬೇಕಾಗಿಲ್ಲ. ಅದು ತರಗತಿಯಲ್ಲೇ ಕೂತಿರುತ್ತದೆ.

ಮೊದಲು ದಿನ ಗೊತ್ತು ಮಾಡಿ. ಎಳ್ಳ ಅಮಾವಾಸ್ಯೆ ಮುಗಿದ ಮೇಲಿನ ಶನಿವಾರ ಒಳ್ಳೇದು. ಹಸಿಕಾಳು, ಸೊಪ್ಪು ಅಗ್ಗ. ಹೊಲಕ್ಕೆ ಹೋಗಿ ಹಬ್ಬ ಮಾಡುವ ಗಡಿಬಿಡಿಯೂ ಅಂದಿಗೆ ಮುಗಿದಿರುತ್ತದೆ. ಮುಖ್ಯ ಗುರುಗಳಿಗೆ, ಶಾಲಾಭಿವೃದ್ಧಿ ಸಮಿತಿಯವರಿಗೆ (ಎಸ್‌ಡಿಎಂಸಿ) ಹದಿನೈದು ದಿನ ಮುಂಚೆಯೇ ಹೇಳಿಡಿ.

ವಾರಕ್ಕೆ ಮುಂಚೆ ಮಾತಿನ ಚಾರ್ಟ್ ಶುರು ಮಾಡಿ. ನನ್ನ ಪ್ರಕಾರ ಇಡೀ ಕಾರ್ಯಕ್ರಮದ ಜೀವ ಇದೇ. ದೊಡ್ಡ ಹಾಳೆಯಲ್ಲಿ ಒಂದೊಂದು ಮನೆಮಾತಿಗೆ ಒಂದೊಂದು ಕಾಲಂ ಎಳೆಯಿರಿ. ಮಕ್ಕಳಿಗೆ ಹತ್ತು ಪದ ಕೊಟ್ಟು, ಮನೆಯಲ್ಲಿ ಕೇಳಿಕೊಂಡು ಬರಲು ಹೇಳಿ. ರೊಟ್ಟಿ ಎಲ್ಲರ ಮನೆಯಲ್ಲೂ ಜೋಳದ್ದೇ. ಆದರೆ ದಖನಿ, ಅಂದರೆ ನಮ್ಮ ಕಡೆಯ ಉರ್ದು ಮಾತಾಡುವವರು ರೋಟಿ ಅಂತಾರೆ, ಮರಾಠಿಯವರು ಭಾಕರಿ, ತೆಲುಗಿನವರು ರೊಟ್ಟೆ, ಲಂಬಾಣಿಯವರು ಬಾಟಿ. ನಾವು ‘ಬ್ಯಾಡ’ ಅನ್ನೋದಕ್ಕೆ ಮರಾಠಿಯಲ್ಲಿ ‘ನಕೋ’. ದಖನಿ ಅದನ್ನೇ ತಗೊಂಡು ‘ನಕ್ಕೋ’ ಮಾಡಿಕೊಂಡಿದೆ. ಇದನ್ನು ಹೇಳಿದರೆ ಮಕ್ಕಳು ಇಡೀ ದಿನ ನಕ್ಕೋ ನಕ್ಕೋ ಅಂತ ಓಡಾಡುತ್ತಾರೆ, ತಯಾರಾಗಿರಿ. ಒಂದು ಎಚ್ಚರ: ‘ತರಗತಿಯಲ್ಲಿ ಕನ್ನಡದಲ್ಲೇ ಮಾತಾಡು’ ಅಂತ ನಮ್ಮಿಂದ ಗದರಿಸಿಕೊಂಡ ಮಕ್ಕಳು ಮನೆಮಾತು ಹೇಳಲು ನಾಚುತ್ತಾರೆ. ಒತ್ತಾಯ ಬೇಡ. ‘ಅವ್ವ’ ಪದದಿಂದ ಶುರು ಮಾಡಿ. ಆ ತಾಂಡಾದ ಹುಡುಗಿ ಮೂರನೇ ದಿನ ಮೆಲ್ಲಗೆ ‘ಯಾಡಿ’ ಅಂದಳು.

ಆಮೇಲೆ ಹಿರಿಯರನ್ನು ಕರೆಯಿರಿ. ಭಾಷಣಕ್ಕಲ್ಲ. ಒಬ್ಬರು ಒಂದು ಜೋಗುಳ ಹಾಡಲಿ, ಇನ್ನೊಬ್ಬರು ಬೀದರ ಹತ್ತಿರದ ಅಷ್ಟೂರಿನ ಜಾತ್ರೆ ನೆನಪು ಹೇಳಲಿ. ಅಲ್ಲಿರುವ ಬಹಮನಿ ಸುಲ್ತಾನ ಅಹ್ಮದ್ ಶಾಹ ವಲಿಯ ಗೋರಿಗೆ ಕಲಬುರಗಿ ಜಿಲ್ಲೆಯಿಂದ ಜಂಗಮರು ಬಂದು ತೆಂಗಿನಕಾಯಿ ಒಡೆಯುತ್ತಾರೆ ಅಂದರೆ ಮಕ್ಕಳ ಕಣ್ಣು ಅರಳುತ್ತದೆ. ತಲಾ ಐದು ನಿಮಿಷ ಸಾಕು. ಅಜ್ಜಂದಿರಿಗೆ ಮಾತ್ರ ಗಡಿಯಾರ ತೋರಿಸಬೇಕಾಗುತ್ತದೆ.

ಕೈಕೆಲಸಕ್ಕೆ ನಮ್ಮೂರಿನ ಲೋಹದ ಕುಸುರಿ ಕಲೆ ಬಿದರಿ ಇಟ್ಟುಕೊಳ್ಳಿ. ನಿಜವಾದ ಬಿದರಿ ಸತುವು, ತಾಮ್ರ ಸೇರಿಸಿ ಎರಕ ಹೊಯ್ದದ್ದು. ಕೆತ್ತಿದ ಗೆರೆಗೆ ಬೆಳ್ಳಿ ತಂತಿ ಕೂರಿಸುತ್ತಾರೆ. ಬೀದರ ಕೋಟೆಯ ಹಳೇ ಮಣ್ಣು, ನವಸಾಗರ ಹಾಕಿದ ಬಿಸಿನೀರಲ್ಲಿ ಅದ್ದಿದರೆ ಲೋಹ ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಹೊಳೆಯುತ್ತದೆ. 2006ರಲ್ಲಿ ಇದಕ್ಕೆ ಭೌಗೋಳಿಕ ಗುರುತಿನ (ಜಿಐ) ಮಾನ್ಯತೆಯೂ ಸಿಕ್ಕಿತು. ಮಕ್ಕಳಿಗೆ ಸುಲಭ ದಾರಿ ಇದೆ. ದಪ್ಪ ಹಾಳೆಗೆ ಬಿಳಿ ಮೇಣದ ಬಣ್ಣವನ್ನು ಒತ್ತಿ ತಿಕ್ಕಬೇಕು. ಮೇಲೆ ಕಪ್ಪು ಪೋಸ್ಟರ್ ಬಣ್ಣಕ್ಕೆ ಎರಡು ಹನಿ ಪಾತ್ರೆ ತೊಳೆಯುವ ಸೋಪು ಕಲಸಿ ಬಳಿಯಿರಿ. ಸೋಪಿಲ್ಲದಿದ್ದರೆ ಬಣ್ಣ ಮೇಣದ ಮೇಲೆ ನಿಲ್ಲೋದಿಲ್ಲ. ಪೂರ್ತಿ ಒಣಗಿದ ಮೇಲೆ ಖಾಲಿ ಪೆನ್ನಿನಿಂದ ಗೀಚಿದರೆ ಕಪ್ಪಿನೊಳಗಿಂದ ಬಿಳಿ ಬಳ್ಳಿ ಏಳುತ್ತದೆ.

ಊಟಕ್ಕೆ ಭಜ್ಜಿ. ಎಣ್ಣೆಯಲ್ಲಿ ಕರಿದದ್ದಲ್ಲ, ಕಾಳು–ಸೊಪ್ಪು–ತರಕಾರಿ ಸೇರಿಸಿ ಬೇಯಿಸಿದ್ದು. ಪ್ರತಿ ಮಗು ಒಂದು ಹಿಡಿ ಏನಾದರೂ ತರಲಿ: ಹಸಿ ತೊಗರಿಕಾಳು, ಅವರೆ, ಬದನೆ, ಗಜ್ಜರಿ, ಮೆಂತ್ಯ, ಪಾಲಕ. ಏನೂ ತರದವರು ತೊಳೆಯಲು ಕೈ ಕೊಡಲಿ. ಒಲೆಯ ಕೆಲಸ ಬಿಸಿಯೂಟದ ಅಕ್ಕಂದಿರಿಗೇ ಬಿಡಿ. ಕೊನೆಗೆ ಕಡಲೆಹಿಟ್ಟು ಕಲಸಿ ಹಾಕಿ ಗಟ್ಟಿ ಮಾಡುವುದು ಅವರಿಗೆ ಗೊತ್ತು. ಭಜ್ಜಿಗೆ ಶೇಂಗಾ ಹಾಕುವುದಿದ್ದರೆ, ಅದು ಮೈಗೆ ಆಗದ ಮಕ್ಕಳು ಯಾರಾದರೂ ಇದ್ದಾರಾ ಅಂತ ಮೊದಲೇ ಕೇಳಿಕೊಳ್ಳಿ. ಬಹುಮಾನ ಮಾತ್ರ ಯಾವುದಕ್ಕೂ ಇಡಬೇಡಿ, ಅಲ್ಲಿಂದಲೇ ಜಗಳ ಶುರು.

ಸಂಜೆಗೆ ಚಾರ್ಟ್ ತೆಗೆಯಬೇಡಿ. ಒಂದು ಕಾಲಂ ಖಾಲಿಯೂ ಇರಲಿ. ನಮ್ಮಲ್ಲಿ ಜೂನ್‌ನಲ್ಲಿ ಕಾರ್ಖಾನೆ ಕೆಲಸಕ್ಕೆ ಒಡಿಶಾದಿಂದ ಬಂದವರ ಮಗ ಸೇರಿದ. ಎರಡು ದಿನ ಬಾಯೇ ಬಿಡಲಿಲ್ಲ. ಆ ತಾಂಡಾದ ಹುಡುಗಿ ಅವನನ್ನು ಗೋಡೆ ಹತ್ತಿರ ಎಳೆದುಕೊಂಡು ಹೋಗಿ ರೊಟ್ಟಿಯ ಚಿತ್ರಕ್ಕೆ ಬೆರಳಿಟ್ಟಳು. ಅವನು ‘ರುಟಿ’ ಅಂದ. ಅವಳು ಬರೆದಳು.