ರೋಟರಿ ಟೇಬಲ್ಲಿಗೆ ವರ್ಮ್ ವೀಲ್: ಮಾಮೂಲಿ ಟ್ಯಾಪ್ ಸಾಕು

ಲೇತ್ ಇದ್ದರೆ ರೋಟರಿ ಟೇಬಲ್ಲಿನ (ಕೆಲಸದ ತುಣುಕನ್ನು ಡಿಗ್ರಿ ಲೆಕ್ಕದಲ್ಲಿ ತಿರುಗಿಸುವ ಮೇಜು) ವರ್ಮ್ ವೀಲ್, ಅಂದರೆ ಸ್ಕ್ರೂನಂಥ ವರ್ಮ್ ತಿರುಗಿಸುವ ಹಲ್ಲಿನ ಚಕ್ರ, ಮನೆಯಲ್ಲೇ ಮಾಡಬಹುದು. ಟ್ಯಾಪನ್ನು (ತೂತಿನೊಳಗೆ ಥ್ರೆಡ್ ಕೊರೆಯುವ ಉಪಕರಣ) ಚಕ್‌ಗೆ ಹಿಡಿದು ಇನ್ನೊಂದು ತುದಿಗೆ ಸೆಂಟರ್ (ಚೂಪು ತುದಿಯ ಆಧಾರ) ಕೊಡಿ, ಟೂಲ್ ಪೋಸ್ಟ್ ಜಾಗದಲ್ಲಿ ಒಂದು ಪಿನ್ ನಿಲ್ಲಿಸಿ ಅದರ ಮೇಲೆ ಕಂಚಿನ ಬಿಲ್ಲೆ ಸಲೀಸಾಗಿ ತಿರುಗುವಂತೆ ಕೂರಿಸಿ, ನಿಧಾನಕ್ಕೆ ಒತ್ತುತ್ತಾ ಹೋದರೆ ಟ್ಯಾಪೇ ಬಿಲ್ಲೆಯನ್ನು ಎಳೆದುಕೊಂಡು ಹಲ್ಲು ಕೊರೆಯುತ್ತದೆ.

ಲೆಕ್ಕ ಸುಲಭ. ಪಿಚ್ಚನ್ನು (ಒಂದು ಥ್ರೆಡ್‌ನಿಂದ ಮುಂದಿನದಕ್ಕೆ ಇರುವ ದೂರ) ಹಲ್ಲಿನ ಸಂಖ್ಯೆಯಿಂದ ಗುಣಿಸಿ 3.1416ರಿಂದ ಭಾಗಿಸಿದರೆ ಪಿಚ್ ವ್ಯಾಸ, ಅಂದರೆ ಹಲ್ಲಿನ ನಡುಮಟ್ಟದಲ್ಲಿ ಚಕ್ರದ ವ್ಯಾಸ. 2 ಮಿ.ಮೀ. ಪಿಚ್, 72 ಹಲ್ಲು ಅಂದರೆ 45.84 ಮಿ.ಮೀ., ವರ್ಮ್ ತಿರುಗಿಸುವ ಹ್ಯಾಂಡಲ್ ಒಂದು ಸುತ್ತಿಗೆ ಟೇಬಲ್ ತಿರುಗುವುದು 5 ಡಿಗ್ರಿ. ಆದರೆ ಟ್ಯಾಪ್ ಮೊದಲು ತಾಗುವುದು ಬಿಲ್ಲೆಯ ಹೊರ ಅಂಚಿಗೆ, ಅಲ್ಲಿ ಸುತ್ತಳತೆ ಜಾಸ್ತಿ ಅಲ್ವಾ? ಸುಮ್ನೆ ಒತ್ತಿದರೆ 73 ಹಲ್ಲು ಬಂದು ಕೂರಬಹುದು. ಅದಕ್ಕೇ ಮೊದಲು 72 ಗೀರು ಸಮವಾಗಿ ಹಾಕಿಕೊಳ್ಳಿ, ಥ್ರೆಡ್‌ನ ಓರೆಗೆ ತಕ್ಕಂತೆ. ಈ ಕೆಲಸ ದಯವಿಟ್ಟು ಬಿಡಬೇಡಿ.

ವರ್ಮ್‌ಗೆ ಅದೇ ವ್ಯಾಸ, ಅದೇ ಪಿಚ್ಚಿನ ಸ್ಟೀಲ್ ಥ್ರೆಡ್ ಇರಲಿ. ಅದನ್ನು ಎಕ್ಸೆಂಟ್ರಿಕ್ (ತೂತು ನಡುವಿನಿಂದ ಪಕ್ಕಕ್ಕಿರುವ) ಬುಷ್‌ನಲ್ಲಿ ಕೂರಿಸಿದರೆ ಮುಂದೆ ಸವೆದಾಗ ಆಟ (ಹಲ್ಲುಗಳ ನಡುವಿನ ಸಡಿಲ) ತೆಗೆಯಬಹುದು.

ಹಳೆ ಗೇರ್‌ಬಾಕ್ಸ್‌ನಿಂದ ತೆಗೆಯುವುದಾದರೆ ವರ್ಮ್, ವೀಲ್ ಎರಡನ್ನೂ ಜೋಡಿಯಾಗಿಯೇ ತನ್ನಿ. ವರ್ಮ್ ಒಂದು ಸುತ್ತು ತಿರುಗಿಸಿ ನೋಡಿ, ಎರಡು ಹಲ್ಲು ಸರಿದರೆ ಅನುಪಾತ ಅರ್ಧವಾಯಿತು ಅಂತಲೇ ಲೆಕ್ಕ.