ಟಿಬಿ ನಮ್ಮ ಪಂಚಾಯಿತಿಯ ನಡಾವಳಿಗೆ ಬಂದದ್ದು ಹೀಗೆ

ನಾನು ಕ್ಷಯ ಘಟಕದಲ್ಲಿ ಹಿರಿಯ ಚಿಕಿತ್ಸಾ ಮೇಲ್ವಿಚಾರಕಿ. ನಮ್ಮ ಕಡೆ ಎಲ್ಲರೂ 'ಟಿಬಿ ಮೇಡಂ' ಅಂತಲೇ ಕರೆಯುತ್ತಾರೆ. 2023ರ ಮಾರ್ಚ್ 24ರಂದು ಕ್ಷಯಮುಕ್ತ ಪಂಚಾಯಿತಿ ಅಭಿಯಾನ ಶುರುವಾದಾಗ ನನಗೆ ತುಂಬ ಖುಷಿಯಾಯಿತು. ಇಷ್ಟು ದಿನ ಬರೀ ಆಸ್ಪತ್ರೆಯದಾಗಿದ್ದ ಕೆಲಸಕ್ಕೆ ಊರಿನವರು ಗೆಲ್ಲಿಸಿದ ಸದಸ್ಯರೂ ಕೈಜೋಡಿಸುತ್ತಾರಲ್ಲ ಅಂತ.

ಮೊದಲ ಸಭೆಗೆ ಚಾರ್ಟು, ಅಂಕಿಅಂಶ ಎಲ್ಲ ಒಯ್ದೆ. ಹತ್ತೇ ನಿಮಿಷಕ್ಕೆ ಮಾತು ಚರಂಡಿ, ಬೀದಿದೀಪದ ಕಡೆ ಹೊರಳಿತು. ಒಬ್ಬ ಸದಸ್ಯರಂತೂ ನೇರವಾಗಿ ಕೇಳಿದರು: "ಮೇಡಂ, ಊರಲ್ಲಿ ಟಿಬಿ ಐತೆ ಅಂತ ನಾವೇ ಸಾರಿದ್ರೆ ನಮ್ ಹುಡುಗ್ರಿಗೆ ಯಾರು ಹೆಣ್ಣು ಕೊಡ್ತಾರೆ?"

ಅವರ ಭಯ ಸುಳ್ಳಲ್ಲ. ಅಭಿಯಾನದ ಅಳತೆಯಲ್ಲೂ ಒಂದು ತೊಡಕಿದೆ. ಸಾವಿರ ಜನಕ್ಕೆ ಕನಿಷ್ಠ 30 ಶಂಕಿತರ ಪರೀಕ್ಷೆ ಆಗಬೇಕು. ಪತ್ತೆಯಾದ ರೋಗಿಗಳು ಸಾವಿರಕ್ಕೆ ಒಬ್ಬರನ್ನು ಮೀರಬಾರದು. 6,000 ಜನರ ಪಂಚಾಯಿತಿ ಅಂದರೆ 180 ಪರೀಕ್ಷೆ, ಆರು ರೋಗಿಗಳು. ಏಳನೆಯವರು ಸಿಕ್ಕರೆ ಆ ವರ್ಷ ಕ್ಷಯಮುಕ್ತ ಪಂಚಾಯಿತಿ ಅನ್ನೋ ಪ್ರಮಾಣಪತ್ರ ಇಲ್ಲ. ಹಾಗಿದ್ದಾಗ ಹುಡುಕೋದೇ ಬೇಡ ಅಂತ ಅನಿಸಿಬಿಡಬಹುದು, ಅಲ್ವಾ? ನನಗೆ ಎಲ್ಲಕ್ಕಿಂತ ಹೆದರಿಕೆ ಇದ್ದದ್ದು ಇದರದ್ದೇ. ಅಧ್ಯಕ್ಷರ ಮನೆಗೇ ಹೋಗಿ ಬಿಡಿಸಿ ಹೇಳಿದೆ. "ಪತ್ರ ತಡವಾದ್ರೂ ಪರವಾಗಿಲ್ಲ ಅಕ್ಕ. ಒಬ್ಬರು ಔಷಧಿ ಇಲ್ದೆ ಕೆಮ್ಮುತ್ತಾ ಓಡಾಡಿದ್ರೆ ಮನೆಯವರಿಗೂ ಅಂಟುತ್ತೆ." ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ "ಹುಡುಕಿ ಮೇಡಂ" ಅಂದರು.

ರೋಗಿಗಳ ಹೆಸರನ್ನು ನಾನು ಸಭೆಯಲ್ಲಿ ಹೇಳುವಂತಿಲ್ಲ. ಗುಣವಾಗಿದ್ದ ಒಬ್ಬ ಆಟೊ ಅಣ್ಣನನ್ನು ಕೇಳಿಕೊಂಡೆ. ಅವರೇ ಒಪ್ಪಿ ಗ್ರಾಮಸಭೆಯಲ್ಲಿ ಎದ್ದು ನಿಂತರು. ಮಾತ್ರೆ ಉಚಿತವಾಗಿ ಸಿಕ್ಕಿತು, ಆದರೆ ದುಡಿಮೆ ನಿಂತಿತ್ತು. ಹಸು ಮಾರಿದರು. ಟಿಬಿ ರೋಗಿಗಳ ಪೌಷ್ಟಿಕ ಆಹಾರಕ್ಕೆ ಸರ್ಕಾರ ಕೊಡುವ ನಿಕ್ಷಯ್ ಪೋಷಣ್ ಯೋಜನೆಯಲ್ಲಿ ಆಗ ಸಿಗುತ್ತಿದ್ದ ತಿಂಗಳ 500 ರೂಪಾಯಿ ಖಾತೆಗೆ ಆಧಾರ್ ಜೋಡಣೆಯಾಗದೆ ನಿಂತುಹೋಗಿತ್ತು. ಕೈಗೆ ಬರುವಷ್ಟರಲ್ಲಿ ಆರು ತಿಂಗಳ ಚಿಕಿತ್ಸೆಯೇ ಮುಗಿದಿತ್ತು. ಹಸುವಿನ ಮಾತು ಬಂದಾಗ ಸಭೆಯ ಗುಸುಗುಸು ನಿಂತಿತು. ಡೈರಿಗೆ ಹಾಲು ಹಾಕಿ ಬದುಕುವ ಊರು ನಮ್ಮದು.

ಅವತ್ತೇ ನಾನು ಕೇಳಿದೆ: ಇದನ್ನು ನಡಾವಳಿ ಪುಸ್ತಕದಲ್ಲಿ ಬರೆಯಿರಿ. ಬಾಯಿಮಾತು ಅಧ್ಯಕ್ಷರು ಬದಲಾದರೆ ಹೋಗುತ್ತದೆ. ನಡಾವಳಿಯಲ್ಲಿದ್ದರೆ ಮುಂದೆ ಬರುವವರನ್ನೂ ಕೇಳಬಹುದು. ಪ್ರತಿ ಸಾಮಾನ್ಯ ಸಭೆಯಲ್ಲಿ ಟಿಬಿ ವಿಷಯ ಬರಬೇಕು, ಖಾತೆಯ ತೊಡಕನ್ನು ಪಿಡಿಒ ಮುಂದೆ ನಿಂತು ಬಿಡಿಸಬೇಕು, ಎಕ್ಸ್‌ರೇಗೆ ಹೋಗುವ ವಯಸ್ಸಾದವರಿಗೆ ಗಾಡಿ ಮಾಡಿಕೊಡಬೇಕು ಅಂತ ಬರೆದರು.

ರೋಗಿಗಳ ಮನೆಗೆ ಕೊಡುವ ಆಹಾರದ ಕಿಟ್‌ಗೆ ದಾನಿಗಳನ್ನು (ಇವರನ್ನು ನಿಕ್ಷಯ್ ಮಿತ್ರರು ಅನ್ನುತ್ತಾರೆ) ಹುಡುಕುವುದು ಅಷ್ಟು ಕಷ್ಟ ಆಗಲಿಲ್ಲ. ಜಾರ್ಖಂಡ್‌ನ ಒಂದು ಅಧ್ಯಯನದ ಫಲಿತಾಂಶ 2023ರಲ್ಲೇ ಬಂದಿತ್ತು. ರೋಗಿಯ ಮನೆಯವರಿಗೂ ರೇಷನ್ ಕೊಟ್ಟಾಗ ಆ ಮನೆಗಳಲ್ಲಿ ಹೊಸದಾಗಿ ಟಿಬಿ ಬರುವುದು ಶೇಕಡ 40ರಷ್ಟು ಕಡಿಮೆಯಾಗಿತ್ತು. ಹೆಣ್ಣು ಕೊಡುವ ಮಾತೆತ್ತಿದ್ದ ಸದಸ್ಯರು ಇದನ್ನು ಎರಡೆರಡು ಸಲ ಕೇಳಿ ತಿಳಿದುಕೊಂಡು, ನಿಕ್ಷಯ್ ಮಿತ್ರರಾಗಿ ಎರಡು ಮನೆಗಳಿಗೆ ಕಿಟ್ ಕೊಡಲು ಒಪ್ಪಿದರು.

ಆ ವರ್ಷ ಏಳನೆಯವರು ಸಿಕ್ಕರು. ಪ್ರಮಾಣಪತ್ರ ಬರಲಿಲ್ಲ. ಮುಂದಿನ ಸಾಮಾನ್ಯ ಸಭೆಯಲ್ಲಿ ನಾನು ಬಾಯಿ ತೆರೆಯುವ ಮೊದಲೇ ಅದೇ ಸದಸ್ಯರು ಪಿಡಿಒ ಕಡೆ ತಿರುಗಿ ಕೇಳಿದರು: "ಆ ಏಳನೆಯವರ ಖಾತೆಗೆ ದುಡ್ಡು ಬಂತಾ ಸಾರ್?"