ಎಂಜಿಎ ಕಾರಿನ ಟಕ್ ಟಕ್: ಸದ್ದು ಹಿಡಿದ ಬಗೆ

ಎಂಜಿಎ ಅಂದರೆ ಎರಡು ಸೀಟಿನ ಸ್ಪೋರ್ಟ್ಸ್ ಕಾರು. ಇಂಗ್ಲೆಂಡಿನ ಆಬಿಂಗ್ಡನ್‌ನಲ್ಲಿ 1955ರಿಂದ 1962ರವರೆಗೆ ತಯಾರಾಗುತ್ತಿತ್ತು. ಧಾರವಾಡದ ಒಬ್ಬ ವಕೀಲರ ಹತ್ತಿರ ಅಂಥದ್ದೊಂದು ಇದೆ, ಅವರ ತಂದೆಯ ಕಾಲದ್ದು. ಹುಬ್ಬಳ್ಳಿ ಗೋಕುಲ ರೋಡ್ ಕಡೆ ಇರುವ ನನ್ನ ಗ್ಯಾರೇಜಿಗೆ ಅದು ಬಂದರೆ ಅಕ್ಕಪಕ್ಕದವರೆಲ್ಲ ಕೆಲಸ ಬಿಟ್ಟು ಬಂದು ನಿಲ್ಲುತ್ತಾರೆ. ಬಾನೆಟ್ ಎತ್ತಿದ ಮೇಲೆ ನನಗೆ ಮಾತ್ರ ಹೊಸದೇನೂ ಕಾಣುವುದಿಲ್ಲ. ಯಾಕೆಂದರೆ ಎಂಜಿಎ 1500 ಮಾದರಿಯ ಒಳಗಿರುವುದು ಬಿಎಂಸಿ ಅನ್ನುವ ಬ್ರಿಟಿಷ್ ಕಂಪನಿಯ ಬಿ ಸೀರೀಸ್ ಇಂಜಿನ್, 1489 ಸಿಸಿ. ನಮ್ಮ ಅಂಬಾಸಿಡರ್‌ಗೆ 1959ರಲ್ಲಿ ಹಾಕಿದ್ದೂ ಇದೇ ಸೀರೀಸ್, ಇದೇ 1489 ಸಿಸಿ. ಎಂಜಿಎಗೆ ಎಸ್‌ಯು ಕಂಪನಿಯ ಎರಡು ಕಾರ್ಬುರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸುವ ಭಾಗ) ಇವೆ, ಕಂಪ್ರೆಷನ್ ಜಾಸ್ತಿ. ಅಷ್ಟೇ ಫರಕು ಅಂದರೆ ಎಂಜಿ ಅಭಿಮಾನಿಗಳಿಗೆ ಸಿಟ್ಟು ಬರಬಹುದು. ಆದರೆ ಟ್ಯಾಕ್ಸಿ ಅಂಬಾಸಿಡರ್ ಬಿಚ್ಚಿ ಬಿಚ್ಚಿಯೇ ಕೆಲಸ ಕಲಿತ ನನ್ನಂಥವನಿಗೆ ಪಾನಾ ಹಿಡಿದಾಗ ಎರಡೂ ಒಂದೇ.

ಈ ಸಲ ವಕೀಲರ ಮುಖ ಸಪ್ಪಗಿತ್ತು. "ಟಕ್ ಟಕ್ ಅಂತ ಸದ್ದು ಬರಾಕತ್ತೈತ್ರೀ. ಬ್ಯಾರೆ ಕಡೆ ತೋರಿಸಿದ್ದೆ. ಬಿಗ್ ಎಂಡ್ ಹೋಗೇತಿ, ಇಂಜಿನ್ ಇಳಿಸಬೇಕು ಅಂದ್ರು" ಅಂದರು. ಬಿಗ್ ಎಂಡ್ ಅಂದರೆ ಪಿಸ್ಟನ್ನಿನ ರಾಡ್ ಕ್ರ್ಯಾಂಕ್ ಶಾಫ್ಟಿಗೆ ಕೂಡುವ ಕಡೆಯ ಬೇರಿಂಗ್. ಯಾವಾಗ ಬರ್ತೈತ್ರೀ ಸರ್ ಅಂತ ಕೇಳಿದೆ. ಅವರು ಬೆರಳು ತೋರಿಸಿ, "ಇಲ್ಲೇ, ಮುಂದಿನ ಕಡೆ" ಅಂದರು.

ನಾನು ಕೇಳಿದ್ದು ಯಾವಾಗ ಅಂತ, ಅವರು ಹೇಳಿದ್ದು ಎಲ್ಲಿ ಅಂತ. ಎಲ್ಲರೂ ಹೀಗೆಯೇ ಹೇಳುತ್ತಾರೆ. ಆದರೆ ಈ ಇಂಜಿನ್ನಿನ ಬ್ಲಾಕ್, ಹೆಡ್ ಎರಡೂ ಎರಕದ ಕಬ್ಬಿಣ. ಒಂದು ಮೂಲೆಯ ಸದ್ದು ಇನ್ನೊಂದು ಮೂಲೆಯಲ್ಲಿ ಕೇಳುತ್ತದೆ. ಸದ್ದಿನ ಜಾಗ ನಂಬಿ ಬಿಚ್ಚಲು ಹೋದರೆ ಸುಮ್ನೆ ದುಡ್ಡು ಖರ್ಚು. ಸದ್ದು ಯಾವಾಗ ಹುಟ್ಟುತ್ತದೆ, ಯಾವಾಗ ಸಾಯುತ್ತದೆ ಅನ್ನುವುದು ಮಾತ್ರ ಸುಳ್ಳು ಹೇಳುವುದಿಲ್ಲ. ಇಂಜಿನ್ ತಣ್ಣಗಿದ್ದಾಗಲೋ ಬಿಸಿಯಾದ ಮೇಲೋ? ನಿಂತಾಗಲೋ, ಏರು ಹತ್ತುವಾಗಲೋ, ಆಕ್ಸಿಲರೇಟರ್ ಬಿಟ್ಟ ಕೂಡಲೇನೋ? ಕ್ಲಚ್ ಒತ್ತಿದರೆ ಬದಲಾಗುತ್ತದೆಯೋ? ಇಷ್ಟು ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ.

ಅದಕ್ಕೇ ಕಾರನ್ನು ರಾತ್ರಿ ನನ್ನಲ್ಲೇ ಬಿಟ್ಟು ಹೋಗಲು ಹೇಳಿದೆ. ಬೆಳಗಿನ ಮೊದಲ ಸ್ಟಾರ್ಟ್ ನಾನೇ ಕೇಳಬೇಕಿತ್ತು. ಬಿಸಿ ಇಂಜಿನ್ ತಂದು ನಿಲ್ಲಿಸಿ "ನೋಡ್ರಿ" ಅಂದರೆ ತಣ್ಣಗಿನ ಸದ್ದು ಯಾರಿಗೂ ಸಿಗುವುದಿಲ್ಲ. ಪಿಸ್ಟನ್ ಸವೆದಿದ್ದರೆ ತಣ್ಣಗಿದ್ದಾಗ ಬಡಿಯುತ್ತದೆ, ಬಿಸಿಯಾಗಿ ಹಿಗ್ಗಿದ ಮೇಲೆ ತಗ್ಗುತ್ತದೆ. ಹೊಗೆ ಹೊರಹೋಗುವ ಮ್ಯಾನಿಫೋಲ್ಡ್ ಕೊಳವೆಗೂ ಹೆಡ್ಡಿಗೂ ನಡುವಿನ ಪ್ಯಾಕಿಂಗ್ ಸೋರಿದರೂ ಹಾಗೆಯೇ, ಸ್ಟಾರ್ಟ್ ಮಾಡಿದಾಗ ಚಟ್ ಚಟ್, ಆಮೇಲೆ ಕಡಿಮೆ. ಈ ಎರಡನೆಯದನ್ನು ಟ್ಯಾಪೆಟ್ (ವಾಲ್ವ್ ತೆರೆಯುವ ಭಾಗ) ಸದ್ದು ಅಂದುಕೊಂಡು ಟ್ಯಾಪೆಟ್ ಬಿಗಿ ಮಾಡಿ ವಾಲ್ವ್ ಸುಟ್ಟವರನ್ನು ನೋಡಿದ್ದೇನೆ.

ಬೆಳಿಗ್ಗೆ ಚಾವಿ ತಿರುಗಿಸಿದಾಗ ಸ್ಟಾರ್ಟರ್‌ಗೂ ಮೊದಲೇ ಹಿಂದಿನಿಂದ ಟಕಟಕ ಕೇಳಿತು. ನಮ್ಮ ಹುಡುಗ ಗಾಬರಿಯಾದ. ಅದು ಎಸ್‌ಯು ಎಲೆಕ್ಟ್ರಿಕ್ ಪೆಟ್ರೋಲ್ ಪಂಪ್. ಕಾರ್ಬುರೇಟರ್ ತುಂಬಿದ ಮೇಲೆ ತಾನೇ ನಿಲ್ಲುತ್ತದೆ. ನಿಲ್ಲದೇ ಹೊಡೆದುಕೊಳ್ಳುತ್ತಿದ್ದರೆ ಮಾತ್ರ ಚಿಂತೆ ಮಾಡಬೇಕು.

ಇಂಜಿನ್ ಓಡತೊಡಗಿದಾಗ ನನ್ನ ಕಿವಿಗೆ ಒಂದಲ್ಲ, ಮೂರು ಸದ್ದು ಬಿದ್ದವು. ಮೇಲುಗಡೆ ಹೊಲಿಗೆ ಯಂತ್ರದಂಥ ಸಣ್ಣ ಟಿಕ್ ಟಿಕ್. ಪಕ್ಕದಲ್ಲಿ ತಣ್ಣಗಿದ್ದಾಗ ಮಾತ್ರ ಬರುವ ಚಟ್ ಚಟ್. ಇವೆರಡರ ಕೆಳಗೆ ಭಾರವಾದ ಟಕ್ ಟಕ್. ವಕೀಲರ ನಿದ್ದೆ ಕೆಡಿಸಿದ್ದು ಈ ಮೂರನೆಯದು.

ಮೊದಲು ಅದನ್ನೇ ಹಿಡಿದೆ. ಬಿಗ್ ಎಂಡ್ ಬೇರಿಂಗ್ ಸಡಿಲಾದರೆ ಅದರ ನಡತೆ ಬೇರೆ. ಒಂದೇ ವೇಗದಲ್ಲಿ ಹಿಡಿದು ಆಕ್ಸಿಲರೇಟರ್ ಕೊಂಚ ಬಿಟ್ಟಾಗ ಬಡಿತ ಎದ್ದು ಕೇಳುತ್ತದೆ. ಬಿಸಿಯಾಗಿ ಆಯಿಲ್ ತೆಳ್ಳಗಾದ ಮೇಲೆ ಇನ್ನೂ ಜೋರು. ಕ್ರ್ಯಾಂಕ್ ಶಾಫ್ಟನ್ನು ಹೊತ್ತಿರುವ ಮೇನ್ ಬೇರಿಂಗ್ ಆದರೆ ಏರಿನಲ್ಲಿ, ಭಾರ ಬಿದ್ದಾಗ, ಧಬ್ ಧಬ್ ಅಂತ ಕೆಳಗಿನಿಂದ ಬರುತ್ತದೆ. ಇಲ್ಲಿ ನೋಡಿದರೆ ಉಲ್ಟಾ. ಐಡ್ಲಿಂಗ್‌ನಲ್ಲಿ ಬಡಿತ, ಅದೂ ಒಂದೇ ಲಯದಲ್ಲಿ ಅಲ್ಲ. ರೇಸ್ ಕೊಟ್ಟರೆ ಮಾಯ.

ಕಾರನ್ನು ಧಾರವಾಡ ರಸ್ತೆಗೆ ತೆಗೆದುಕೊಂಡು ಹೋದೆ. ಉಣಕಲ್ ದಾಟಿ, ನವನಗರ, ರಾಯಾಪುರ. ಧಾರವಾಡದ ಕಡೆ ರಸ್ತೆ ನಿಧಾನಕ್ಕೆ ಏರುತ್ತದೆ, ಟಾಪ್ ಗೇರಿನಲ್ಲಿ ಎಳೆಸಿದರೆ ಬೇರಿಂಗ್ ಬಣ್ಣ ಬಯಲಾಗುತ್ತದೆ. ಬಡಿತ ಬರಲಿಲ್ಲ. ಡ್ಯಾಶ್‌ಬೋರ್ಡಿನ ಆಯಿಲ್ ಪ್ರೆಶರ್ ಮುಳ್ಳು ಬಿಸಿಯಲ್ಲೂ 50 ಪೌಂಡಿನ ಹತ್ತಿರವೇ ಇತ್ತು, ಗಾಡಿ ನಿಲ್ಲಿಸಿ ಐಡ್ಲಿಂಗ್‌ನಲ್ಲಿ ಬಿಟ್ಟಾಗಲೂ 15ರ ಮೇಲೆ. ಬೇರಿಂಗ್ ಹೋದ ಇಂಜಿನ್ ಹೀಗೆ ತೋರಿಸುವುದು ಅಪರೂಪ.

ವಾಪಸ್ ಬಂದು ಪ್ಲಗ್ ಒಂದೊಂದಾಗಿ ಕಟ್ ಮಾಡಿದೆ. ಪ್ಲಾಸ್ಟಿಕ್ ಹಿಡಿಯ ಸ್ಕ್ರೂ ಡ್ರೈವರ್‌ನಿಂದ ಪ್ಲಗ್ಗಿನ ತಲೆಯನ್ನು ಹೆಡ್ಡಿಗೆ ಮುಟ್ಟಿಸಿದರೆ ಆ ಸಿಲಿಂಡರ್ ಉರಿಯುವುದಿಲ್ಲ. ಹಳೇ ಕಾಯಿಲ್, ಪಾಯಿಂಟ್ ಇರುವ ಗಾಡಿಗೆ ಮಾತ್ರ ಇದು. ಈಗಿನ ಗಾಡಿಗೆ ಮಾಡಬೇಡಿ. ಬಿಗ್ ಎಂಡ್ ಸಡಿಲ ಇರುವ ಸಿಲಿಂಡರನ್ನು ಹೀಗೆ ಕಟ್ ಮಾಡಿದರೆ ಬಡಿತ ತಗ್ಗಬೇಕು. ನಾಲ್ಕರಲ್ಲಿ ಯಾವುದಕ್ಕೂ ತಗ್ಗಲಿಲ್ಲ.

ಆಮೇಲೆ ಮಾಡಿದ್ದು ಬಹಳ ಸರಳ. ಇಂಜಿನ್ ತಣ್ಣಗಾದ ಮೇಲೆ ಫ್ಯಾನ್ ಬೆಲ್ಟ್ ತೆಗೆದು ಸ್ಟಾರ್ಟ್ ಮಾಡಿದೆ. ಬೆಲ್ಟ್ ಇಲ್ಲದಿದ್ದರೆ ವಾಟರ್ ಪಂಪೂ ನಿಲ್ಲುತ್ತದೆ, ಹಾಗಾಗಿ ಒಂದು ನಿಮಿಷದ ಮೇಲೆ ಓಡಿಸಬಾರದು. ಅಷ್ಟು ಹೊತ್ತು ಬೇಕಾಗಲೂ ಇಲ್ಲ. ಟಕ್ ಟಕ್ ಪೂರ್ತಿ ನಿಂತಿತ್ತು.

ಆ ಬೆಲ್ಟ್ ತಿರುಗಿಸುವುದರಲ್ಲಿ ಇನ್ನು ಉಳಿದದ್ದು ಎರಡೇ, ವಾಟರ್ ಪಂಪ್ ಅಥವಾ ಕರೆಂಟ್ ಹುಟ್ಟಿಸುವ ಡೈನಮೋ. ಫ್ಯಾನ್ ಹಿಡಿದು ಅಲ್ಲಾಡಿಸಿದೆ, ಪಂಪಿನಲ್ಲಿ ಪ್ಲೇ ಇಲ್ಲ. ಬೆಲ್ಟ್ ಮತ್ತೆ ಹಾಕಿ, ಐಡ್ಲಿಂಗ್‌ಗಿಂತ ಸ್ವಲ್ಪ ಮೇಲೆ ಹಿಡಿದು ಹೆಡ್‌ಲೈಟ್ ಹಾಕಿಸಿದೆ. ಅರೆಬರೆ ಕೇಳುತ್ತಿದ್ದ ಬಡಿತ ಅಡಗಿತು. ಆರಿಸಿದರೆ ಮತ್ತೆ ಶುರು. ಲೈಟ್ ಹಾಕಿದಾಗ ಡೈನಮೋ ಮೇಲೆ ಭಾರ ಬೀಳುತ್ತದೆ, ಪುಲ್ಲಿ ಒಂದೇ ಬದಿಗೆ ಒತ್ತಿ ಕೂರುತ್ತದೆ. ಭಾರ ಇಲ್ಲದಾಗ ಹಿಂದೆ ಮುಂದೆ ಬಡಿದುಕೊಳ್ಳುತ್ತದೆ. ಬಿಚ್ಚಿ ನೋಡಿದರೆ ಪುಲ್ಲಿಯ ನಟ್ ಸಡಿಲ, ಶಾಫ್ಟಿನಲ್ಲಿ ಕೂರುವ ಅರ್ಧಚಂದ್ರಾಕಾರದ ಸಣ್ಣ ಕೀಲು ಒಂದು ಅಂಚು ಸವೆದು ಹೊಳೆಯುತ್ತಿತ್ತು. ಪುಲ್ಲಿಯಲ್ಲಿ ಆ ಕೀಲು ಕೂರುವ ಕಚ್ಚೂ ಅಗಲವಾಗಿತ್ತು. ಲೇತ್ ಅಂಗಡಿಯಲ್ಲಿ ಕಚ್ಚು ಸರಿ ಮಾಡಿಸಿ, ಅದಕ್ಕೆ ತಕ್ಕ ಹೊಸ ಕೀಲು ಹಾಕಿಸಿದೆ. ಇಂಜಿನ್ ಇಳಿಸಬೇಕು ಅಂದದ್ದು ಇಷ್ಟಕ್ಕೆ!

ಮೇಲಿನ ಟಿಕ್ ಟಿಕ್ ಬೇರೆ ಕಥೆ. ಟ್ಯಾಪೆಟ್ ಗ್ಯಾಪ್ ಈ ಇಂಜಿನ್ನಿಗೆ ಬಿಸಿಯಲ್ಲಿ 17 ಥೌ (ಇಂಚಿನ ಸಾವಿರದಲ್ಲೊಂದು ಪಾಲು ಒಂದು ಥೌ), ಅಂದರೆ ಹತ್ತಿರ ಹತ್ತಿರ 0.43 ಮಿಲಿಮೀಟರ್. ಎಂಟು ವಾಲ್ವ್‌ಗೆ ಒಂಬತ್ತರ ಲೆಕ್ಕ. ಒಂದನೆಯದು ಪೂರ್ತಿ ಒತ್ತಿದಾಗ ಎಂಟನೆಯದನ್ನು ಹೊಂದಿಸಬೇಕು, ಮೂರು ಒತ್ತಿದಾಗ ಆರನ್ನು. ಕೂಡಿದರೆ ಒಂಬತ್ತು ಬರಬೇಕು. ಫೀಲರ್ ಗೇಜ್ ಹಾಕಿ ನೋಡಿದರೆ ಎಲ್ಲವೂ 17ಕ್ಕೆ ಸರಿ ಇದ್ದವು. ಆದರೂ ಟಿಕ್ ಟಿಕ್.

ಇಲ್ಲಿ ಗೇಜನ್ನು ನಂಬಬಾರದು. ವಾಲ್ವ್ ಒತ್ತುವ ತೋಳಾದ ರಾಕರ್‌ನ ಮೂತಿ ವಾಲ್ವ್ ತುದಿಯ ಮೇಲೆ ವರ್ಷಗಟ್ಟಲೆ ಉಜ್ಜಿ ಉಜ್ಜಿ ಆ ಮೂತಿಯಲ್ಲೇ ತಗ್ಗು ಬಿದ್ದಿರುತ್ತದೆ. ಫೀಲರ್ ಪಟ್ಟಿ ತಗ್ಗಿನ ಒಳಗೆ ಇಳಿಯುವುದಿಲ್ಲ, ಎರಡು ದಡದ ಮೇಲೆ ನಿಲ್ಲುತ್ತದೆ. ಪಟ್ಟಿ 17 ಅಂದರೂ ನಿಜವಾದ ಗ್ಯಾಪ್ ಜಾಸ್ತಿ. ಬೆರಳ ಉಗುರು ಆಡಿಸಿದರೆ ತಗ್ಗಿನ ಅಂಚು ತಾಗುತ್ತದೆ, ಕಣ್ಣಿಗಿಂತ ಉಗುರು ಮೇಲು. ರಾಕರ್ ಹಿಡಿದು ಮೇಲೆ ಕೆಳಗೆ ಎತ್ತಿದರೆ ಶಾಫ್ಟಿನ ಮೇಲೂ ಆಡುತ್ತಿತ್ತು. ಬುಶ್ ಸವೆದಿತ್ತು. ಶಾಫ್ಟಿನ ಕೆಳಮೈ ಮೆಟ್ಟಿಲು ಮೆಟ್ಟಿಲಾಗಿತ್ತು.

ರಾಕರ್ ಶಾಫ್ಟ್ ತೆಗೆಯುವಾಗ ಒಂದು ಎಚ್ಚರ. ಅದನ್ನು ಹಿಡಿದಿರುವ ನಟ್‌ಗಳಲ್ಲಿ ನಾಲ್ಕು ಹೆಡ್ಡನ್ನೂ ಹಿಡಿದಿರುತ್ತವೆ. ಅವಷ್ಟನ್ನೇ ಬಿಚ್ಚಿದರೆ ಹೆಡ್ ಸೊಟ್ಟಗಾಗುವ ಭಯ, ಆಯಿಲ್‌ಗೆ ನೀರು ಸೇರುವ ಭಯ. ರೇಡಿಯೇಟರ್ ನೀರು ಇಳಿಸಿ, ಹೆಡ್ಡಿನ ನಟ್‌ಗಳನ್ನೆಲ್ಲ ಸ್ವಲ್ಪ ಸ್ವಲ್ಪವಾಗಿ ವರಸೆಯಂತೆ ಸಡಿಲಿಸಬೇಕು. ಅವಸರದಲ್ಲಿ ಬಹಳ ಜನ ಇದನ್ನು ಬಿಡುತ್ತಾರೆ. ಆಮೇಲೆ ಹೆಡ್ ಗ್ಯಾಸ್ಕೆಟ್ ಯಾಕೆ ಹೋಯಿತು ಅಂತ ತಲೆ ಕೆರೆದುಕೊಳ್ಳುತ್ತಾರೆ. ರಾಕರ್‌ಗಳಿಗೆ ಹೊಸ ಬುಶ್ ಕೂರಿಸಿ, ಮೂತಿಯನ್ನು ತೆಳ್ಳಗೆ ಗ್ರೈಂಡ್ ಮಾಡಿಸಿದೆ. ಶಾಫ್ಟನ್ನು ಅಳತೆ ಹಿಡಿದು ನೋಡಿ ಅಂಬಾಸಿಡರ್‌ನದೇ ಹಾಕಿದೆ. ಇಂಗ್ಲೆಂಡಿನಿಂದ ತರಿಸುವ ಮಾತೇ ಬರಲಿಲ್ಲ. ಟಿಕ್ ಟಿಕ್ ಪೂರ್ತಿ ಹೋಗಿಲ್ಲ, ಹೋಗಲೂಬಾರದು. ಈ ಇಂಜಿನ್ನಿನ ಟ್ಯಾಪೆಟ್ ಮೌನವಾಗಿದ್ದರೆ ಗ್ಯಾಪ್ ಕಡಿಮೆ ಇದೆ ಅಂತ ನನಗೆ ಅನುಮಾನ ಬರುತ್ತದೆ.

ಇನ್ನು ಚಟ್ ಚಟ್. ಅದು ಮ್ಯಾನಿಫೋಲ್ಡ್ ಪ್ಯಾಕಿಂಗ್. ತಣ್ಣಗಿನ ಸ್ಟಾರ್ಟಿನಲ್ಲಿ ಪ್ಯಾಕಿಂಗ್ ಉದ್ದಕ್ಕೂ ಕೈ ದೂರ ಹಿಡಿದಾಗ ಒಂದು ಕಡೆ ಗಾಳಿ ತಾಗಿತು, ಅಲ್ಲೇ ಕಪ್ಪು ಮಸಿ ಕೂತಿತ್ತು. ವಕೀಲರು, "ಇದನ್ನೂ ಈಗ ಮಾಡಿ ಮುಗಿಸಿಬಿಡ್ರಿ" ಅಂದರು. ನಾನು ಒಪ್ಪಲಿಲ್ಲ. ಆ ಸ್ಟಡ್‌ಗಳು ತುಕ್ಕು ಹಿಡಿದು ಕಚ್ಚಿಕೊಂಡಿವೆ. ಬಲ ಹಾಕಿದರೆ ಹೆಡ್ಡಿನೊಳಗೇ ಮುರಿಯುತ್ತವೆ, ಆಗ ನಿಜಕ್ಕೂ ಹೆಡ್ ಇಳಿಸಬೇಕು. ಈಗಿನ ಸೋರಿಕೆಯಿಂದ ಸದ್ದು ಬಿಟ್ಟರೆ ದೊಡ್ಡ ನುಕಸಾನು ಇಲ್ಲ. ತುಕ್ಕು ಬಿಡಿಸುವ ಎಣ್ಣೆಯ ಡಬ್ಬಿ ಕೈಗೆ ಕೊಟ್ಟು, ಇಂಜಿನ್ ತಣ್ಣಗಿದ್ದಾಗಲೆಲ್ಲ ಸ್ಟಡ್‌ಗಳಿಗೆ ಹೊಡೆಯುತ್ತಿರಿ ಅಂತ ಹೇಳಿ ಕಳಿಸಿದ್ದೇನೆ. ಮುಂದಿನ ಆಯಿಲ್ ಚೇಂಜಿಗೆ ಬಂದಾಗ ಬಿಚ್ಚುತ್ತೇನೆ.